ನರಳಲು ಒಪ್ಪದ ಊರುಗೋಲು

ನಾನು ಒಂದು ಊರುಗೋಲು. ಕೈಯಲ್ಲಿ ಹಿಡಿದು ಬೀಗುವ ಬೆತ್ತವಲ್ಲ. ನಮ್ಮದು ಕಂಕುಳಡಿ ನಿಂತು ಮೈಭಾರ ಹೊರುವ ಕುಲ. ಮದ್ದೂರಿನ ಬಡಗಿಯೊಬ್ಬರು ಮಂಚಕ್ಕೆಂದು ತಂದ ಹೊನ್ನೆಮರದಲ್ಲಿ ಉಳಿದ ತುಂಡುಗಳಿಂದ ನನ್ನನ್ನು ಮಾಡಿದರು. ಮಂಚವಾಗಿದ್ದರೆ ಬಿದ್ದುಕೊಂಡಿರುತ್ತಿದ್ದೆ. ಊರುಗೋಲಾದದ್ದರಿಂದ ನಿಲ್ಲುವುದನ್ನು ಕಲಿತೆ.

ಮೊದಲು ನನ್ನನ್ನು ಕೊಂಡವರು ಬಸ್ ಕಂಡಕ್ಟರ್ ಮರೀಗೌಡರು. ಕಾಲು ಗುಣವಾದ ದಿನವೇ ಅಟ್ಟಕ್ಕೆ ಹಾಕಿದರು. ನನಗೆ ಸಿಟ್ಟು ಬರಲಿಲ್ಲ. ನಮ್ಮಂಥವರನ್ನು ಜನ ಮರೆತಷ್ಟೂ ಒಳ್ಳೆಯದು.

ಅಟ್ಟದಿಂದ ಇಳಿಸಿದವರು ಅವರ ಹೆಂಡತಿ. ಬೀದಿಯ ಕೊನೆಯ ಮನೆಯ ಪುಟ್ಟಲಿಂಗಮ್ಮನಿಗೆ ಕಾರು ಬಡಿದು ತೊಡೆಯ ಮೂಳೆ ಮುರಿದಿತ್ತು. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ, ಗಂಡನಿಲ್ಲದ ಹೆಂಗಸು. ಮರೀಗೌಡರ ಹೆಂಡತಿ ನನ್ನ ಧೂಳು ಒರೆಸಿ, ಕಂಕುಳು ಒತ್ತದಿರಲೆಂದು ತಮ್ಮ ಹಳೆಯ ವಾಯಿಲ್ ಸೀರೆ ಸುತ್ತಿ ಹೊಲಿದು, ತಾವೇ ಹೊತ್ತು ಕೊಟ್ಟು ಬಂದರು. ಯಾರೂ ಕೇಳಿರಲಿಲ್ಲ.

ಬಹಳ ಕಾಲ ನಾವಿಬ್ಬರೂ ಕೂಡಿ ನಡೆದೆವು. ನನ್ನ ಪಾದದ ರಬ್ಬರು ಸವೆದಾಗ ಅವಳು ಹವಾಯಿ ಚಪ್ಪಲಿ ಕತ್ತರಿಸಿ ಮೊಳೆ ಹೊಡೆದಳು. ಅದೂ ಸವೆಯಿತು, ಅದರ ಮೇಲೆ ಮತ್ತೊಂದು ಹೊಡೆದಳು. ಕೊನೆಗೆ ಕುಂಟುತ್ತಲೇ ನನ್ನನ್ನು ಬಿಟ್ಟು ನಡೆಯತೊಡಗಿದಳು. ಆದರೆ ಅನ್ನದ ತಪ್ಪಲೆ ಇಳಿಸಲು ಕಾಲು ಒಪ್ಪಲಿಲ್ಲ. ಅಡುಗೆ ಕೆಲಸ ಹೋಯಿತು. ಕೂತಲ್ಲೇ ದೋಸೆಹಿಟ್ಟು ರುಬ್ಬಿ ಮಾರಲು ದೊಡ್ಡ ಗ್ರೈಂಡರ್ ಬೇಕಿತ್ತು. ಅದಕ್ಕೆ ಕಾರಿನ ವಿಮಾ ಕಂಪನಿಯ ಪರಿಹಾರವೊಂದೇ ದಾರಿ. ಕೇಸು ವರ್ಷಗಟ್ಟಲೆ ಎಳೆಯದೆ ರಾಜಿಯಲ್ಲಿ ಮುಗಿಯಲೆಂದು ಲೋಕ ಅದಾಲತ್ತಿಗೆ ಹಾಕಿದ್ದರು.

ಅದಾಲತ್ತಿನ ದಿನ ಬೆಳಿಗ್ಗೆ ಅವಳ ಭಾವ ಚಿಕ್ಕಬೋರಯ್ಯ ನನ್ನನ್ನು ಎತ್ತಿಕೊಂಡ.

“ಇದ್ನ ಕಂಕುಳಿಗೆ ಕೊಟ್ಕೊ ಪುಟ್ಟಿ. ವಸಿ ನರಳ್ತಾ ಬಾ. ಅಲ್ಲಿ ಎಲ್ರೂ ಹಂಗೇ ಮಾಡೋದು.”

“ಮುರ್ದಾಗ ನರಳಿದ್ದು ಸಾಲ್ದಾ ಭಾವ? ಈಗ ಸುಳ್ಳುಸುಳ್ಳೇ ಬೇರೆ ನರಳ್ಬೇಕಾ?”

“ನೆಟ್ಗೆ ನಡ್ಕೊಂಡೋದ್ರೆ ಅವ್ರು ಕಾಸು ಬಿಚ್ಚಲ್ಲ, ತಿಳ್ಕೊ.”

“ನೆಟ್ಗೆ ಎಲ್ಲಿ ನಡೀತೀನಿ? ನಾನು ಕುಂಟೋದೇ ಬೇಕಾದಷ್ಟದೆ.”

ನನಗೆ ಹೆಮ್ಮೆಯಾಯಿತು. ಭಾರ ಹೊರಲು ಹುಟ್ಟಿದವನು ನಾನು, ಭಿಕ್ಷೆ ಎತ್ತಲು ಅಲ್ಲ. ಆದರೂ ಭಾವ ಬಿಡದೆ ನನ್ನನ್ನು ಹೆಗಲ ಮೇಲೆ ಹೊತ್ತು ತಂದು, ಅದಾಲತ್ತಿನ ಕೋಣೆಯ ಗೋಡೆಗೆ ಒರಗಿಸಿದ.

ಮೇಜಿನಾಚೆ ನ್ಯಾಯಾಧೀಶೆ ಕೂತಿದ್ದರು, ಈಚೆ ಪುಟ್ಟಲಿಂಗಮ್ಮ ಮತ್ತು ಅವಳ ವಕೀಲರು. ಕಂಪನಿಯ ವಕೀಲರು ನನ್ನ ಕಡೆ ಕೈ ತೋರಿಸಿದರು.

“ಮೇಡಂ, ಊರುಗೋಲು ಗೋಡೆಗಿದೆ. ಅಮ್ಮ ಆರಾಮಾಗಿ ನಡ್ಕೊಂಡು ಬಂದ್ರು. ನಾವು ಹೇಳಿರೋ ಮೊತ್ತಾನೇ ಜಾಸ್ತಿ.”

ಆ ಮೊತ್ತಕ್ಕೆ ಗ್ರೈಂಡರಿನ ಕಲ್ಲೂ ಬರುತ್ತಿರಲಿಲ್ಲ. ಹಿಂದೆ ಕೂತಿದ್ದ ಭಾವ ನರಳಿದ. ಪುಟ್ಟಲಿಂಗಮ್ಮ ಎದ್ದು ನಿಂತಳು.

“ಊರುಗೋಲಿಲ್ದೆ ನಡೀತೀನಿ ಸ್ವಾಮಿ, ಇಲ್ಲ ಅನ್ನಲ್ಲ. ಶಾಲೆ ಮಕ್ಳ ಅನ್ನದ ತಪ್ಪಲೆ ಇಳ್ಸಕ್ಕಾಗಲ್ಲ. ಇರೋದ್ನ ಹೇಳಿವ್ನಿ. ಸರ್ಯಾಗಿ ಕೊಟ್ರೆ ಇವತ್ತೇ ಸೈನಾಕ್ತೀನಿ. ಇಲ್ದಿದ್ರೆ ಕೇಸು ನಡೀಲಿ. ಎಷ್ಟು ಸಲ ಕರುದ್ರೂ ಕುಂಟ್ಕೊಂಡೇ ಬತ್ತೀನಿ.”

ಆಗಲೇ ನಾನು ಜಾರಿ ಧಡ್ ಎಂದು ನೆಲಕ್ಕೆ ಬಿದ್ದೆ. ಫ್ಯಾನಿನ ಗಾಳಿಗೆ ಎನ್ನುವವರು ಎನ್ನಲಿ.

ವಕೀಲರೇ ಬಗ್ಗಿ ಎತ್ತಿದರು. ಬೆವರಿಗೆ ಕಪ್ಪಾದ ಸೀರೆಯ ಸುತ್ತು ಅವರ ಕೈಗೆ ಸಿಕ್ಕಿತು. ನನ್ನನ್ನು ತಲೆಕೆಳಗು ಮಾಡಿ, ಒಂದರ ಮೇಲೊಂದು ಸವೆದಿದ್ದ ಚಪ್ಪಲಿಯ ಪದರಗಳನ್ನು ನೋಡಿದರು.

“ಒಂದ್ನಿಮಿಷ ಮೇಡಂ, ಆಫೀಸರಿಗೆ ಫೋನ್ ಮಾಡಿ ಬರ್ತೀನಿ,” ಎಂದರು. ಹೋಗುವ ಮುಂಚೆ ನನ್ನನ್ನು ಗೋಡೆಗಲ್ಲ, ಪುಟ್ಟಲಿಂಗಮ್ಮನ ಕುರ್ಚಿಗೆ ಒರಗಿಸಿದರು. ಅದನ್ನು ನಾನು ಮರೆತಿಲ್ಲ.

ಅವರು ಮರಳಿ ಬಂದು ಹೇಳಿದ ಮೊತ್ತ ಅವಳು ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ, ಮೊದಲಿನದಕ್ಕಿಂತ ಬಹಳ ಹೆಚ್ಚು. ಅವಳು ತನ್ನ ವಕೀಲರ ಮುಖ ನೋಡಿ, ಸಹಿ ಹಾಕಿದಳು.

“ನರಳಿದ್ರೆ ಇನ್ನೂ ಬತ್ತಿತ್ತು,” ಎಂದು ಮೆಟ್ಟಿಲಲ್ಲಿ ಭಾವ ಗೊಣಗಿದ.

“ನನ್ನ ಪಾಲಿಂದೂ ನೀನೇ ನರಳ್ದಲ್ಲ ಭಾವ, ಸಾಕು ಬಾ.”

ಈಗ ಅವಳ ಗ್ರೈಂಡರಿನ ಪಕ್ಕದ ಮೂಲೆ ನನ್ನದು. ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವುದು ಕೆಲಸ. ಮೊನ್ನೆ ಹಿಟ್ಟಿಗೆ ಬಂದವನೊಬ್ಬ ನನ್ನನ್ನು ಎರವಲು ಕೇಳಿದ.

“ಕಾಲು ಮುರ್ದದಾ?” ಎಂದಳು.

“ಇಲ್ಲ ಕಣಕ್ಕ, ನಾಳೆ ಅದಾಲತ್‌ನಲ್ಲಿ ತೋರ್ಸಕ್ಕೆ.”

“ಹಂಗಾದ್ರೆ ಕೊಡಲ್ಲ. ಮುರ್ದಿದ್ರೆ ಕೇಳ್ದೇನೇ ತಂದ್ಕೊಡ್ತಿದ್ದೆ.”

ಗೆದ್ದಲು ನನ್ನ ಪಾದ ಹಿಡಿದಿದೆ. ಒಂದು ದಿನ ಒಲೆಗೆ ಹೋಗುತ್ತೇನೆ. ಹೋಗಲಿ. ಉರಿಯುತ್ತೇನೆ, ನರಳುವುದಿಲ್ಲ.