ಲ್ಯಾಮಿನೇಷನ್ ಮಾಡಿಸಿದ ಹನ್ನೆರಡು ಪದಗಳು

ನಾನು ಮೂವತ್ತೊಂದು ವರ್ಷ ಊರಿನ ಸಹಕಾರಿ ಸೊಸೈಟಿಯ ಸೆಕ್ರೆಟರಿಯಾಗಿದ್ದವನು. ಮರ್ಕಂಜದ ಕಡೆ ಕುಶಾಲಪ್ಪನ ಮನೆ ಎಲ್ಲಿ ಎಂದರೆ ಜನ ಯೋಚಿಸುತ್ತಾರೆ, ಸೆಕ್ರೆಟ್ರಿ ಮನೆ ಎಂದರೆ ಸಣ್ಣ ಮಕ್ಕಳೂ ತೋರಿಸುತ್ತವೆ. ಕಾಗದದ ವಿಷಯದಲ್ಲಿ ನನ್ನದು ಎರಡೇ ನಿಯಮ. ಮಳೆಗಾಲಕ್ಕೆ ಮೊದಲು ಲ್ಯಾಮಿನೇಷನ್ ಮಾಡಿಸಬೇಕು, ಇಲ್ಲದಿದ್ದರೆ ಜುಲೈಯೊಳಗೆ ಬೂಸಲು ತಿನ್ನುತ್ತದೆ. ಮತ್ತೆ, ಮೂಲ ಕಾಗದವನ್ನು ಯಾರ ಕೈಗೇ ಕೊಡುವುದಾದರೂ ಮೊದಲು ಒಂದು ನಕಲು ಇಟ್ಟುಕೊಳ್ಳಬೇಕು. ಊರಿನ ಎಷ್ಟೋ ಆರ್‌ಟಿಸಿ, ಮಾರ್ಕ್ಸ್ ಕಾರ್ಡುಗಳು ಈ ನಿಯಮದಿಂದ ಉಳಿದಿವೆ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ.

ತಂಗಿಯ ಮಗಳು ದೀಪ್ತಿ ಕಳೆದ ಮೇ ತಿಂಗಳಲ್ಲಿ ಒಂದು ಕಾಗದ ತಂದುಕೊಟ್ಟಳು. ಅವಳು ಮನೆಯಲ್ಲೇ ಕುಳಿತು ಯಾವುದೋ ದೂರದ ಕಂಪನಿಗೆ ಚಿತ್ರ ಬಿಡಿಸಿ ಕೊಡುವವಳು. ಸಂಬಳ ಕ್ರಿಪ್ಟೊದಲ್ಲಿ. ಆರು ವರ್ಷದಲ್ಲಿ ಹದಿನೆಂಟು ಲಕ್ಷದಷ್ಟು ಸೇರಿತ್ತು. ಪುತ್ತೂರಿನಲ್ಲಿ ಒಂದು ಸೈಟು ನೋಡಿಟ್ಟಿದ್ದಳು. ಕಾಗದದಲ್ಲಿ ಹನ್ನೆರಡು ಇಂಗ್ಲಿಷ್ ಪದಗಳಿದ್ದವು, ಒಂದಕ್ಕೊಂದು ಸಂಬಂಧವಿಲ್ಲದವು.

"ಮಾವ, ನನ್ನ ಹತ್ರ ಒಂದು ಪ್ರತಿ ಉಂಟು, ಇದು ನಿಮ್ಮ ಹತ್ರ ಇರಲಿ. ನನ್ನ ಕ್ರಿಪ್ಟೊ ದುಡ್ಡಿಗೆ ಈ ಪದಗಳೇ ಬೀಗದ ಕೈ, ಯಾರಿಗೆ ಸಿಕ್ಕಿದ್ರೂ ದುಡ್ಡು ಅವರದ್ದೇ. ಬ್ಯಾಂಕ್ ಇಲ್ಲ, ಮ್ಯಾನೇಜರ್ ಇಲ್ಲ. ಯಾರಿಗೂ ತೋರಿಸುದು ಬೇಡ" ಎಂದಳು.

"ನನಗೆ ಹೇಳಿಕೊಡ್ತೀಯಾ ನೀನು?" ಎಂದು ನಕ್ಕೆ.

ಮರುವಾರ ಅದನ್ನು ಸುಳ್ಯಕ್ಕೆ ಒಯ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಆಶಿಕನ ಝೆರಾಕ್ಸ್ ಅಂಗಡಿ. ಹತ್ತು ವರ್ಷದಿಂದ ನನ್ನ ಕಾಗದಗಳೆಲ್ಲ ಅವನಲ್ಲೇ. ಲ್ಯಾಮಿನೇಷನ್ನಿನ ಬಿಸಿಗೆ ಶಾಯಿ ಅಳಿಸಿದರೆ ಎಂದು, ಒಳಗೆ ಹೋಗುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡೆ. ಆಶಿಕ್ ಕಾಗದವನ್ನು ಮೆಷಿನ್ನಿಗೆ ಕೊಡುತ್ತಾ, "ಇದು ಎಂತ ಸೆಕ್ರೆಟ್ರಿಯವರೆ, ಮೊಮ್ಮಗಳ ಡಿಕ್ಟೇಷನ್ನಾ?" ಎಂದು ತಮಾಷೆ ಮಾಡಿದ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಒಂಬತ್ತನೆಯ ದಿನ ದೀಪ್ತಿಯ ದುಡ್ಡು ಪೂರ್ತಿ ಹೋಯಿತು.

ಅವಳು ಅಳಲಿಲ್ಲ. ಕಾಗದ ಯಾರಾದರೂ ನೋಡಿದ್ದಾರಾ ಎಂದು ಮಾತ್ರ ಕೇಳಿದಳು. ಲ್ಯಾಮಿನೇಷನ್ ವಿಷಯ ಹೇಳಿದೆ. ಫೋಟೋ ವಿಷಯ ನಾಲಗೆಯ ತುದಿಗೆ ಬಂದು ನಿಂತಿತು. ನನ್ನ ಕಿಸೆಯಲ್ಲೇ ಇರುವ ಮೊಬೈಲಿನಿಂದ ಯಾರು ತಾನೇ ಕದಿಯುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಸೆಕ್ರೆಟ್ರಿ ಬೇಜವಾಬ್ದಾರಿ ಮಾಡಿದ ಎಂಬ ಮಾತು ಕೇಳಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

ಠಾಣೆಯಲ್ಲಿ ಬರೆದುಕೊಟ್ಟೆ: ಆಶಿಕ್ ಆ ಪದಗಳನ್ನು ಓದಿದ್ದಾನೆ, ನನ್ನ ಎದುರೇ ಓದಿದ್ದಾನೆ. ನನ್ನ ಅಕ್ಷರ, ನನ್ನ ಸಹಿ. ಅವನನ್ನು ಎರಡು ದಿನ ಕರೆಸಿ ಕೂರಿಸಿದರು, ಕಂಪ್ಯೂಟರ್ ಒಯ್ದರು. ಆಟೋ ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ ನಾನೇ ವಿವರವಾಗಿ ಹೇಳಿದೆ. ಊರಿಗೆ ಪುರಾವೆ ಬೇಕಾಗಲಿಲ್ಲ, ಅವನ ಹೆಸರೇ ಸಾಕಾಯಿತು. ಆಧಾರ್ ಕಾರ್ಡ್ ಹಿಡಿದು ಅವನ ಅಂಗಡಿಗೆ ಹೋಗಲು ಜನ ಹೆದರಿದರು. ದೀಪಾವಳಿಗೆ ಮೊದಲೇ ಅಂಗಡಿಯ ಬಾಗಿಲು ಬಿತ್ತು.

ಜನವರಿಯಲ್ಲಿ ದೀಪ್ತಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಬ್ಲಾಕ್‌ಚೈನ್ ಎಂದರೆ ಲೋಕಕ್ಕೆಲ್ಲ ತೆರೆದಿಟ್ಟ ಲೆಡ್ಜರ್ ಅಂತೆ. ದುಡ್ಡು ಯಾವ ವಿಳಾಸಕ್ಕೆ ಹೋಯಿತು ಎಂದು ಯಾರು ಬೇಕಾದರೂ ನೋಡಬಹುದು. ವಿಳಾಸದ ಹಿಂದೆ ಯಾರಿದ್ದಾರೆ ಎಂಬುದು ಮಾತ್ರ ಕಾಣುವುದಿಲ್ಲ. ಹೀಗೆ ದುಡ್ಡು ಕಳೆದುಕೊಂಡವರ ಆನ್‌ಲೈನ್ ಗುಂಪೊಂದರಲ್ಲಿ ಅವಳು ಆ ವಿಳಾಸ ಹಾಕಿದಾಗ ಕಡಬದ ಬಿಬಿನ್ ಎಂಬ ರಬ್ಬರ್ ಕೃಷಿಕ ಸಿಕ್ಕಿದ್ದ; ಅದೇ ವಿಳಾಸಕ್ಕೆ, ಅದೇ ವಾರ, ಅವನ ದುಡ್ಡೂ ಹೋಗಿತ್ತು. ಅವನು ಆಶಿಕನ ಅಂಗಡಿಯನ್ನು ಕಂಡವನೇ ಅಲ್ಲ. ಆದರೆ ಅವನ ಮೊಬೈಲಿನಲ್ಲಿ, ಅಡಿಕೆ-ರಬ್ಬರಿನ ದಿನದ ಧಾರಣೆ ತೋರಿಸುವ ಒಂದು ಆ್ಯಪ್ ಇತ್ತು. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಕಳಿಸಿದ್ದು. ಆ ಆ್ಯಪ್ ಮೊಬೈಲಿನ ಫೋಟೋಗಳನ್ನೆಲ್ಲ ಓದಿ, ಇಂಥ ಪದಗಳಿದ್ದರೆ ಕಳ್ಳರಿಗೆ ದಾಟಿಸುತ್ತಿತ್ತು.

"ಮಾವ, ನಿಮ್ಮ ಮೊಬೈಲಲ್ಲಿ ಆ ಆ್ಯಪ್ ಉಂಟಲ್ಲ?"

ಇತ್ತು. ದಿನಾ ಬೆಳಿಗ್ಗೆ ಕಾಫಿಯ ಜೊತೆ ನೋಡುತ್ತಿದ್ದೆ. ಇನ್‌ಸ್ಟಾಲ್ ಮಾಡುವಾಗ ಅದು ಕೇಳಿದ್ದಕ್ಕೆಲ್ಲ ಹೂಂ ಎಂದು ಒತ್ತಿದ್ದೆ.

"ಕಾಗದದ ಫೋಟೋ ತೆಗ್ದಿದ್ರಾ?"

ಮೊಬೈಲ್ ಅವಳ ಕೈಗೆ ಕೊಟ್ಟೆ. ಫೋಟೋ ಹಾಗೆಯೇ ಇತ್ತು. ದೀಪ್ತಿ ಅದನ್ನು ತೆಗೆದ ತಾರೀಕು ನೋಡಿದಳು.

"ದುಡ್ಡು ಹೋದದ್ದು ಹೋಯ್ತು. ಆಗಲೇ ಒಂದು ಮಾತು ಹೇಳ್ತಿದ್ರೆ ಆಶಿಕಣ್ಣ ಉಳೀತಿದ್ರಲ್ಲ ಮಾವ."

ನಾನು ಠಾಣೆಗೆ ಹೋಗಿ ಮೊದಲಿನದ್ದು ತಪ್ಪೆಂದು ಬರೆದುಕೊಟ್ಟೆ. ಮರುದಿನ ಮಡಿಕೇರಿ ಬಸ್ ಹತ್ತಿದೆ. ಆಶಿಕ್ ಈಗ ಅದೇ ದಾರಿಯಲ್ಲಿ ಸಿಗುವ ಕಲ್ಲುಗುಂಡಿಯಲ್ಲಿ ಅವನ ಬಾವನ ಹೋಟೆಲಿನಲ್ಲಿದ್ದಾನೆ. ನನ್ನನ್ನು ಕಂಡು ಒರಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಕೂರಲು ಹೇಳಿದ, ಚಾ ತಂದಿಟ್ಟ. ನಾನು ಎಲ್ಲವನ್ನೂ ಹೇಳಿದೆ. ಫೋಟೋ ವಿಷಯ ಮುಚ್ಚಿಟ್ಟದ್ದನ್ನೂ. ತಪ್ಪಾಯಿತು ಎಂದೆ.

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

"ಸೆಕ್ರೆಟ್ರಿಯವರೆ, ಕಳ್ಳ ಅಂತ ಹೇಳುವಾಗ ನೀವು ಸುಳ್ಯದ ಪೇಟೆಗಿಡೀ ಹೇಳಿದ್ರಿ. ಅಲ್ಲ ಅಂತ ಹೇಳುವಾಗ ನನ್ನೊಬ್ಬನಿಗೆ ಹೇಳ್ತೀರಿ. ನನಗೆ ಗೊತ್ತಿತ್ತಲ್ಲ ಮಾರಾಯ್ರೆ, ನಾನು ಕದ್ದಿಲ್ಲ ಅಂತ."

ಚಾದ ದುಡ್ಡು ತೆಗೆದೆ. ಈ ಸಲ ತೆಗೆದುಕೊಂಡ. ಚಿಲ್ಲರೆಯನ್ನು ಎಣಿಸಿ ಮೇಜಿನ ಮೇಲಿಟ್ಟ.

ಬಸ್ಸಿನಲ್ಲಿ ಕುಳಿತು, ನನಗೆ ಆ ಆ್ಯಪ್ ಬಂದಿದ್ದ ಧಾರಣೆಯ ವಾಟ್ಸಾಪ್ ಗ್ರೂಪಿಗೇ ಎಲ್ಲವನ್ನೂ ಟೈಪ್ ಮಾಡಿ ಕಳಿಸಿದೆ. ನನ್ನದೇ ತಪ್ಪು, ಆಶಿಕ್ ನಿರಪರಾಧಿ, ಆ ಆ್ಯಪನ್ನು ತೆಗೆದುಹಾಕಿ. ಕೆಳಗೆ ಒಂದು ಹೆಬ್ಬೆರಳಿನ ಚಿತ್ರ ಬಿತ್ತು. ಮತ್ತೆ ಯಾರೋ, "ಹೊಸ ಅಡಿಕೆಗೆ ಇವತ್ತು ಎಷ್ಟು?" ಎಂದು ಕೇಳಿದರು. ಸೊಸೈಟಿಯ ಲೆಡ್ಜರಿನಲ್ಲಿ ತಪ್ಪು ಬಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಸಹಿ ಹಾಕುತ್ತಿದ್ದೆ, ಮುಗಿಯುತ್ತಿತ್ತು.

ಬಾಯಿಯಿಂದ ಹೋದದ್ದನ್ನು ಬಾಯಿಯಿಂದಲೇ ತರಬೇಕು ಎಂದು ಸುಳ್ಯದಲ್ಲಿ ಇಳಿದವನು ನೇರ ಆಟೋ ಸ್ಟ್ಯಾಂಡಿಗೆ ಹೋದೆ. ಸಾಲಿನಲ್ಲಿ ಮೊದಲು ನಿಂತಿದ್ದವನು ಉಲ್ಲಾಸ್, ನನ್ನ ಪರಿಚಯದವನೇ.

"ಉಲ್ಲಾಸ್, ಆಶಿಕನ ವಿಷಯ ಒಂದು ಹೇಳ್ಲಿಕ್ಕೆ ಉಂಟು" ಎಂದೆ.

ಅವನು ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾ ಕೇಳಿದ. "ಯಾವ ಆಶಿಕ್ ಸೆಕ್ರೆಟ್ರಿಯವರೆ, ಆ ಕಳ್ಳನಾ?"