ಅಕ್ಕನ ಮನೆಯ ನೀರು

ನೊರೆ ಬರುತ್ತಿಲ್ಲ, ಇನ್ನೊಂದಿಷ್ಟು ಶಾಂಪೂ, ಇನ್ನೂ ಒಂದಿಷ್ಟು, ತಲೆಯೆಲ್ಲ ಅಂಟಂಟಾಯಿತೇ ಹೊರತು ನೊರೆಯ ಸುಳಿವಿಲ್ಲ, ಕೂದಲೊಳಗೆ ಹೋದ ಬೆರಳು ಹೊರಗೆ ಬರಲೊಲ್ಲದು, ಎಳೆದರೆ ಅದರ ಜೊತೆಗೇ ಒಂದು ಗುಂಗುರು ಗಂಟು ಕಿತ್ತು ಬಂತು — ನೋಡಬೇಡ, ಗೋಡೆಗೆ ಅಂಟಿಸಿ ಬಿಡು, ಆಮೇಲೆ ತೆಗೆದರಾಯಿತು. ಮಗ್ಗಿನ ಅಂಚಿಗೆ ಮತ್ತೆ ಬಿಳಿ ಪೊರೆ, ಮೊನ್ನೆ ತಾನೇ ಉಜ್ಜಿದ್ದೆ, ನಲ್ಲಿಯ ಬಾಯಿಗೂ ಬಿಳಿ, ಬಕೆಟ್ಟಿನ ಒಳಗೆ ಬಿಳಿ ಉಂಗುರ, ಈ ಮನೆಗೆ ಬಂದು ವರ್ಷ ತುಂಬಿಲ್ಲ, ಎಲ್ಲಕ್ಕೂ ಆಗಲೇ ವಯಸ್ಸಾದ ಹಾಗಿದೆ. ನಲ್ಲಿ ರಿಪೇರಿಗೆ ಬಂದವನು ಹೇಳಿದ, ಮೇಡಂ ಇದು ನೀರಲ್ಲ, ಕರಗಿದ ಕಲ್ಲು, ಹೇಳಿ ಹಲ್ಲು ಕಿರಿದ, ಅವನ ನೆತ್ತಿ ನುಣ್ಣಗೆ ಹೊಳೀತಿತ್ತು, ಅವನಿಗೇನು, ನಗಲಿ. ಮನೆ ನೋಡೋಕೆ ಬಂದ ದಿನ ನಾವಿಬ್ಬರೂ ಕಿಟಕಿ ನೋಡಿದೆವು, ಗೋಡೆ ತಟ್ಟಿ ನೋಡಿದೆವು, ಬಿಸಿಲು ಎಲ್ಲಿಂದ ಬೀಳುತ್ತೆ ಅಂತ ಪಂಡಿತರ ಹಾಗೆ ಚರ್ಚೆ ಮಾಡಿದೆವು, ನಲ್ಲಿ ತಿರುಗಿಸಿ ಒಂದು ಸಲ ಸೋಪು ಹಚ್ಚಿ ಕೈ ತೊಳೆಯುವ ಬುದ್ಧಿ ಮಾತ್ರ ಇಬ್ಬರಿಗೂ ಬರಲಿಲ್ಲ, ಅಕ್ಕ ಬಂದಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದಳು — ಅಕ್ಕನ ಮಾತು ಈಗ ಬೇಡ. ನಲ್ಲಿಗೆ ಫಿಲ್ಟರ್ ಹಾಕಿಸಿದ್ದಾಯಿತು, ಕಾಯಿಸಿ ಆರಿಸಿ ತಿಳಿ ಬಸಿದು ಸುರಿದುಕೊಂಡದ್ದಾಯಿತು, ಕುಡಿಯುವ ನೀರಿನ ಕ್ಯಾನನ್ನೇ ತಲೆಗೆ ಬಗ್ಗಿಸಿಕೊಂಡದ್ದೂ ಆಯಿತು, ಇವರು ಬಾಗಿಲಲ್ಲಿ ನಿಂತು, ಮುಂದಿನ ವಾರದಿಂದ ಹಾಲು ತರ್ಲೇನೇ ಅಂದರು, ಕೂದಲಿರುವವರ ಕಷ್ಟ ಯಾರಿಗೆ ಹೇಳೋಣ. ಯಾರೋ ಹೇಳಿದರು ಅಂತ ವಿನೆಗರ್ ಹಾಕಿ ತೊಳೆದು ಕೆಲಸಕ್ಕೆ ಹೋದೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಬಾಗಿಲ ಬಳಿಯ ಮೇಜು ನನ್ನದು, ದವಡೆ ಊದಿಸಿಕೊಂಡು ಬಂದ ಒಬ್ಬ ಹೆಂಗಸು ಮೂಗು ಸೊಟ್ಟ ಮಾಡಿ, ಏನಮ್ಮಾ ಹುಳಿ ವಾಸನೆ, ಹಲ್ಲಿಗೆ ಹಾಕೋ ಔಷಧೀನಾ ಅಂದಳು, ಹೌದಮ್ಮಾ, ಹೊಸದು ಅಂದೆ.

ಕಣ್ಣು ಉರಿಯುತ್ತಿದೆ, ಹಣೆಯಿಂದ ಇಳಿಯಿತು ಹಾಳಾದ್ದು, ಒಂದು ಕೈಯಲ್ಲಿ ಮಗ್ಗು, ಇನ್ನೊಂದು ಕೈ ಕೂದಲಲ್ಲಿ ಸಿಕ್ಕಿಕೊಂಡಿದೆ, ಹಣೆಗೆ ಅಡ್ಡ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರಲಿ. ಅಕ್ಕನ ಮನೆಯಲ್ಲಿ ಆ ತಾಪತ್ರಯ ಇರಲಿಲ್ಲ, ಅವಳಿರುವುದು ಊರಿನ ಆ ಕಡೆ, ಅಲ್ಲಿಗೆ ಬರುವುದು ಕೆರೆಯ ಸಿಹಿನೀರು, ಚಿಟಿಕೆ ಶಾಂಪೂಗೆ ಬುಟ್ಟಿ ನೊರೆ, ಪ್ರತಿ ಭಾನುವಾರ ಟವೆಲ್ ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತುತ್ತಿದ್ದೆ, ಅವಳ ಬಚ್ಚಲಲ್ಲಿ ಗಿಡ್ಡ ಸ್ಟೂಲು, ಕೂತ್ಕೋ, ಬಗ್ಗು, ಇನ್ನೂ ಬಗ್ಗು, ಕತ್ತೇನು ಕಂಬವಾ ನಿಂದು, ನಲವತ್ತು ದಾಟಿದವಳು ನಾನು, ಮಗುವಿನ ಹಾಗೆ ಬಗ್ಗುತ್ತಿದ್ದೆ, ಅವಳ ಬಲಗೈ ನೀರು ಸುರಿಯುತ್ತದೆ, ಎಡಗೈ ನನ್ನ ಹಣೆಗೆ ಅಡ್ಡ, ಕಣ್ಣಿಗೆ ಒಂದು ಹನಿ ಇಳಿಯದಂತೆ, ಚಿಕ್ಕವಳಿದ್ದಾಗ ಅಮ್ಮ ಕೆಲಸಕ್ಕೆ ಹೋದ ಮೇಲೆ ನನ್ನ ತಲೆಸ್ನಾನ ಅಕ್ಕನದೇ, ಆಗಲೂ ಅದೇ ಕೈ, ಟೈಲರ್ ಅಂಗಡಿ ಇಟ್ಟ ಮೇಲೆ ಆ ಕೈಗೆ ಮೆಷಿನ್ ಎಣ್ಣೆಯ ವಾಸನೆ ಬಂತು, ಅಷ್ಟೇ ವ್ಯತ್ಯಾಸ. ಹೋಗದೆ ಮೂರು ಭಾನುವಾರವಾಯಿತು. ಇವತ್ತು ನಾಲ್ಕನೆಯದು, ಇವತ್ತೂ ಹೋಗದಿದ್ದರೆ ಇನ್ನು ಹೋಗುವುದು ಇಲ್ಲವೇ ಇಲ್ಲ, ನನ್ನ ಸ್ವಭಾವ ನನಗೆ ಗೊತ್ತು. ಕೊನೆಯ ಸಲ ಹೋದಾಗ ಕಣ್ಣಿಗೆ ನೀರು ಹೋಯಿತು ಅಂತ ನಾನು ಕಿರುಚಿದೆ, ನೆಟ್ಟಗೆ ಹಿಡಿಯೋಕೇನು ನಿಂಗೆ, ಅವಳು ಮಗ್ಗು ಕುಕ್ಕಿದಳು, ನೀನು ಬರೋದು ನೀರಿಗೆ, ಅಕ್ಕ ಬೇಕು ಅಂತಲ್ಲ, ನಾನು ಹಸಿ ತಲೆಯಲ್ಲೇ ಬಸ್ಸು ಹತ್ತಿದೆ, ಬೆನ್ನೆಲ್ಲ ಒದ್ದೆ, ಪಕ್ಕದವನು ಸರಿದು ಕೂತ. ಎಂಥಾ ಮಾತು ಅಂದುಬಿಟ್ಟಳು ಅಂತ ಇವರ ಮುಂದೆ ಗೋಳಾಡಿದೆ, ಕ್ಲಿನಿಕ್ಕಿನ ನರ್ಸ್ ಮುಂದೆ ಗೋಳಾಡಿದೆ, ಹೇಳಿ ಹೇಳಿ ಚೆನ್ನಾಗಿ ಬಾಯಿಪಾಠವಾಗಿದೆ, ಆದರೆ ಹೇಳುವಾಗ ಪ್ರತಿ ಸಲವೂ ಒಂದನ್ನು ಬಿಟ್ಟು ಹೇಳುತ್ತೇನೆ — ಎಲ್ಲಿ ಮಗ್ಗು, ಇಲ್ಲೇ ಇಟ್ಟಿದ್ದೆ, ಕಣ್ಣು ಬಿಡೋಕಾಗಲ್ಲ — ಆ ಕೈ ಹಣೆಯ ಮೇಲಿತ್ತು, ಗಟ್ಟಿಯಾಗಿಯೇ ಇತ್ತು, ಎಂದೂ ಒತ್ತದಷ್ಟು ಒತ್ತಿದ್ದಳು, ಸಿಟ್ಟೇನೋ ಅಂದುಕೊಂಡೆ, ಇಲ್ಲ, ಅಂದುಕೊಳ್ಳಲಿಲ್ಲ, ಅದು ನಡುಗುತ್ತಿತ್ತು, ನನ್ನ ಹಣೆಗೆ ಗೊತ್ತಾಯಿತು.

ಸುಮ್ಮನಿರು, ನಡುಕವೇನಲ್ಲ, ಕತ್ತರಿ ಹಿಡಿದು ಹಿಡಿದು ಬಂದ ಸೋಲು, ವಯಸ್ಸು, ಚಳಿ, ಬಿಸಿನೀರಿನ ಮುಂದೆ ಯಾವ ಚಳಿಯೇ. ಅದಕ್ಕೂ ಮೊದಲೊಂದು ಭಾನುವಾರ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು, ಏನು ಭಾರಿ ಮರ್ಯಾದೆ ಇವತ್ತು ಅಂತ ನಾನು ರೇಗಿಸಿದೆ, ನಕ್ಕಳು, ಅಂಗಡಿಯಲ್ಲಿ ಯಾರದೋ ಕೋಟಿನ ತೋಳು ಓರೆಯಾಗಿ ಕತ್ತರಿಸಿ ಹೋಗಿತ್ತು, ಕನ್ನಡಕ ಬದಲಾಯಿಸ್ಬೇಕು ಕಣೇ ಅಂದಳು, ಬದಲಾಯಿಸು ಅಂದೆ, ಕಣ್ಣು ಮುಚ್ಚಿಕೊಂಡು ಗೆರೆ ತಪ್ಪದೆ ಕತ್ತರಿಸುವವಳಿಗೆ ಕನ್ನಡಕ ಯಾತಕ್ಕೆ ಅಂತ ಕೇಳಲಿಲ್ಲ. ಅಪ್ಪನ ನಡುಕವೂ ಹೀಗೇ, ಚಮಚದಿಂದ ಶುರುವಾದದ್ದು, ತಟ್ಟೆಗೆ ತಾಗಿ ಟಿಕ್ ಟಿಕ್ ಅನ್ನೋದು, ಅಮ್ಮ ರೇಡಿಯೋ ಜೋರು ಮಾಡೋಳು, ಕೊನೆಗೆ ಅಪ್ಪನಿಗೆ ಅಂಗಿಯ ಗುಂಡಿ ಹಾಕುತ್ತಿದ್ದುದು ಅಕ್ಕನೇ. ಅವಳಿಗೆ ಗೊತ್ತಿದೆ. ಗೊತ್ತಿದ್ದಕ್ಕೇ ಮಗ್ಗು ಕುಕ್ಕಿದಳು, ನೀರಿನ ಮಾತು ತೆಗೆದಳು, ನಾನೂ ಅದನ್ನೇ ಕಚ್ಚಿಕೊಂಡೆ, ಇಬ್ಬರಿಗೂ ಒಳ್ಳೆ ಜಗಳವೊಂದು ಸಿಕ್ಕಿತು, ಮೂರು ವಾರ ಫಿಲ್ಟರು ವಿನೆಗರು ಅಂತ ಕುಣಿದೆ, ಕೂದಲು ಉದುರಿದರೆ ಉದುರಲಿ, ನನಗೆ ಭಯ, ಅಷ್ಟೇ, ಅವಳ ಕೈಯ ಭಯ, ಅವಳದಾದ ಮೇಲೆ ನನ್ನ ಕೈಯದು — ಬಾಗಿಲು ಬಡಿಯುತ್ತಿದ್ದಾರೆ, ಏನೇ, ನಿಮ್ಮಕ್ಕ ಫೋನಲ್ಲಿದ್ದಾರೆ, ನೀರು ಕಾಯಿಸಿಟ್ಟಿದಾರಂತೆ, ಬರ್ತಾಳಾ ಕೇಳಿ ಅಂತಿದಾರೆ, ಏನು ಹೇಳ್ಲಿ. ತಲೆಸ್ನಾನ ಆಯ್ತು ಅನ್ನಿ ಅನ್ನಲಾ, ಊಹೂಂ, ಹೋದರೆ ಸ್ಟೂಲಿನ ಮೇಲೆ ಕೂರಬೇಕು, ಬಗ್ಗಬೇಕು, ಅವಳ ಕೈ ಹಣೆಗೆ ಬಂದು ಕೂರುತ್ತದೆ, ನನಗೆ ಗೊತ್ತಾಯಿತು ಅಂತ ಅವಳಿಗೆ ಗೊತ್ತಾಗುತ್ತದೆ, ಆಮೇಲೆ ಜಗಳಕ್ಕೆ ನೀರೂ ಸಿಗುವುದಿಲ್ಲ, ಏನೇ, ಕೇಳಿಸ್ತಾ, ಕಾಯ್ತಿದಾರೆ. ಬರ್ತಾಳಂತೆ ಅನ್ನಿ, ಈಗಲೇ ಹೊರಟಳಂತೆ ಅನ್ನಿ, ಅಂದೆ, ಜೋರಾಗಿಯೇ ಅಂದೆ, ಮಗ್ಗು ಸಿಕ್ಕಿತು, ಎತ್ತಿದೆ, ಸುರಿಯಲಿಲ್ಲ — ಹಣೆಯ ಮೇಲೆ ಆ ಕೈ, ನಡುಗದಿರಲಿ ಅಂತ ಒತ್ತಿ, ಇನ್ನೂ ಒತ್ತಿ, ಒತ್ತಿದಷ್ಟೂ ನಡುಗುತ್ತಿರುವ ಆ ಕೈ