ಕಟ್ಟಿದ ನಾಲಗೆ

ಕಲಾಬ ಬಾಗಿಲಿಗೆ ಅಡ್ಡವಾಗಿ ಮಲಗಿಯೇಬಿಟ್ಟ. ಶವಪೆಟ್ಟಿಗೆ ಹೊತ್ತವರು ಹೊಸ್ತಿಲಲ್ಲೇ ನಿಂತರು.

“ಬಿಡಲ್ಲ! ಸೋಮಾರಿ ಅಣಬೆ, ಗಿರಣಿಲಿ ಸತ್ತು ನಮ್ಮ ಹೆಗಲಿಗೆ ಕೆಲಸ ಹಚ್ಚಿದಾನೆ. ಮಳೆ ನಾನು ಸುರೀದಿದ್ರೆ ಇವನು ತಲೆ ಎತ್ತುತಾನೇ ಇರ್ಲಿಲ್ಲ!”

ಅಳುತ್ತಿದ್ದ ಹೆಂಗಸರು ಮುಸಿಮುಸಿ ನಕ್ಕರು. ಅಣಬೆ ಕುಲದವರು ಸತ್ತರೆ ಮಳೆ ಕುಲದವರು ಬಂದು ಹಂಗಿಸಬೇಕು. ಎಂಡೋಲಾ ಊರಿನ ಯಾವ ಸಾವಿನ ಮನೆಯಲ್ಲೂ ಅವರ ಮಾತಿಗೆ ಮುನಿಯುವಂತಿಲ್ಲ.

ಅದಕ್ಕೂ ಮೊದಲು ಗಿರಣಿಯ ಮ್ಯಾನೇಜರು ಟೋಪಿ ತೆಗೆದು ಎರಡು ಮಾತಾಡಿದ್ದರು. “ಬ್ವೆಂಬ್ಯ ಒಳ್ಳೆಯವನು. ಆದ್ರೆ ಬೆಂಕಿ ಬಂದ ದಿನ ಕೊಳವೆ ನಾಲಗೆ ಒರೆಸೋದು ಮರೆತ. ಇನ್ನಿಬ್ಬರು ಆಸ್ಪತ್ರೇಲಿದಾರೆ.” ಆಮೇಲೆ ನೆರೆಯವರು ಅವನ ಹೆಂಡತಿ ಮುತಾಲೆಯ ಕಣ್ಣು ತಪ್ಪಿಸತೊಡಗಿದರು.

*

ಮೆಕ್ಕೆಜೋಳದ ಹಿಟ್ಟಿನ ದೂಳೆಳೆಯುವ ದೊಡ್ಡ ಕೊಳವೆಯೊಳಗೆ ಕಬ್ಬಿಣದ ಕದವೊಂದು ತೂಗುತ್ತಿತ್ತು. ಗಿರಣಿಯವರ ಬಾಯಲ್ಲಿ ಅದು ನಾಲಗೆ. ಗಾಳಿ ಎಳೆಯುವಷ್ಟು ಹೊತ್ತು ಎತ್ತಿಕೊಂಡಿರುತ್ತದೆ. ಹೊರಗೆ ದೂಳು ತುಂಬಿಕೊಳ್ಳುವ ಗೂಡು ಕಿಡಿ ತಾಗಿ ಸಿಡಿದು ಬೆಂಕಿ ಹಿಂದಕ್ಕೆ ನುಗ್ಗಿತೋ, ಪಟ್ಟನೆ ಮುಚ್ಚಿ ಒಳಗಿನವರನ್ನು ಕಾಯುತ್ತದೆ. ಬುಡದಲ್ಲಿ ಹಿಟ್ಟು ಕೂತರೆ ಮಾತ್ರ ಮುಚ್ಚದು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಬ್ವೆಂಬ್ಯ ಕೈ ತೂರಿಸಿ ಅದನ್ನು ಒರೆಸಿದ. ಒಂದು ಸಲವೂ ಬೆಂಕಿ ಬಂದಿರಲಿಲ್ಲ.

“ಕಬ್ಬಿಣದ ನಾಲಗೆ ಉಜ್ಜಿ ಉಜ್ಜಿ ಮುದುಕನಾದೆಯಲ್ಲೋ,” ಎಂದು ಗಿರಣಿಯಲ್ಲಿ ಜೊತೆಗೇ ದುಡಿಯುವ ಕಲಾಬ ಛೇಡಿಸುತ್ತಿದ್ದ.

“ಆಡೋದು ಒಂದೇ ಮಾತು ಕಣೋ ಅದು. ತೊದಲಬಾರ್ದು ನೋಡು.”

ಆ ದಿನ ಗಾಳಿ ಏರಿಳಿದು ನಾಲಗೆ ಬೆಳಗಿನಿಂದ ಬಡಬಡ ಬಡಿಯಿತು. ಕಲಾಬನಿಗೆ ತಲೆ ಸಿಡಿಯುತ್ತಿತ್ತು. ಬ್ವೆಂಬ್ಯ ಒರೆಸಿ ಹೋದ ಮೇಲೆ ಅದನ್ನು ಮೇಲಕ್ಕೆತ್ತಿ ತಂತಿಯಿಂದ ಕಟ್ಟಿದ. ಸಂಜೆ ಬಿಚ್ಚಿದರಾಯಿತು ಎಂದುಕೊಂಡ. ಬೆಂಕಿ ಮಧ್ಯಾಹ್ನವೇ ಬಂತು. ಸುಟ್ಟ ತಗಡಿನ ರಾಶಿಯಲ್ಲಿ ತಂತಿಯ ತುಂಡನ್ನು ಯಾರೂ ಹುಡುಕಲಿಲ್ಲ.

*

ಕಲಾಬ ಎದ್ದು ಬಂದು ಮುತಾಲೆಯ ಮುಂದೆ ಮೊಣಕಾಲೂರಿದ.

“ಅತ್ತಿಗೆ, ಅವನು ಮರೀಲಿಲ್ಲ. ಒರೆಸಿದ್ದ. ನಾಲಗೆ ಕಟ್ಟಿದೋನು ನಾನು.”

“ನಿನ್ನ ನಾಲಗೆ ಕಟ್ಟೋರೇ ಈ ಊರಲ್ಲಿ ಹುಟ್ಟಿಲ್ವಲ್ಲೋ!” ಎಂದಳು ಸತ್ತವನ ಅಕ್ಕ ಕಸೊಂಡೆ. ಅಂಗಳವೆಲ್ಲ ನಕ್ಕಿತು.

“ತಮಾಷೆ ಅಲ್ಲ ಅಕ್ಕಾ. ತಂತೀಲಿ ಕಟ್ಟಿದೆ. ನಾನೇ ಕೊಂದೆ.”

“ಹೌದಪ್ಪ, ಮಳೆ ಜಾಸ್ತಿಯಾದ್ರೆ ಅಣಬೆ ಕೊಳೆಯೋದೇ!”

ಮ್ಯಾನೇಜರೂ ನಕ್ಕರು. ನಾಲ್ಕು ದಿನದಿಂದ ತುಟಿ ಬಿಚ್ಚದಿದ್ದ ಮುತಾಲೆ, ಹೊದ್ದ ಬಟ್ಟೆಯ ಚುಂಗನ್ನು ಬಾಯಿಗೊತ್ತಿಕೊಂಡು ನಕ್ಕಳು. “ಪಾಪ, ಅವರ ಮರೆವನ್ನೂ ನಿನ್ನ ತಲೆ ಮೇಲೆ ಹೊತ್ಕೋತೀಯಲ್ಲೋ.”

ಪೆಟ್ಟಿಗೆ ಅವನನ್ನು ಬಳಸಿಕೊಂಡು ಹೊರಗೆ ಹೋಯಿತು.

ಚೆನ್ನಾಗಿ ಹಂಗಿಸಿದವನಿಗೆ ಬಿಳಿ ಬಳಿಯುವುದು ಆ ಮನೆಯ ರೂಢಿ. ಕಸೊಂಡೆ ಅಡಿಗೆಯ ಬೋಗುಣಿಯಿಂದ ಹಿಡಿ ತುಂಬ ಹಿಟ್ಟು ತಂದು ಅವನ ಹಣೆಗೆ, ಕೆನ್ನೆಗೆ ಬಳಿದಳು. ಕಲಾಬ ಮತ್ತೊಮ್ಮೆ ಹೇಳಲು ಬಾಯಿ ತೆರೆದ. ಹಿಟ್ಟು ಗಂಟಲಿಗೆ ಹೋಯಿತು. ಅವನು ಕೆಮ್ಮಿದ, ಕೆಮ್ಮಿದಂತೆಲ್ಲ ಬಾಯಿಂದ ಬಿಳಿ ದೂಳು ಹಾರಿತು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಇದ್ದರು.